ಚಿಕಿತ್ಸೆಗೆ ಮೊದಲು ಮೊಟ್ಟೆಗಳ ದಾಸ್ತಾನು ತಿಳಿಯುವುದು ಹೇಗೆ? ಹಾಸನ ಕಡೆಯ ದಂಪತಿಗಳಿಗೆ ಸಮಗ್ರ ಮಾರ್ಗದರ್ಶಿ

"ಎಎಂಎಚ್ 0.9 ಬಂದಿದೆ. ಇನ್ನು ನಮಗೆ ಮಗು ಆಗಲ್ವಾ ಮೇಡಂ?"

ಮಗುವಿಗಾಗಿ ಚಿಕಿತ್ಸೆಗೆ ಬರುವ ದಂಪತಿಗಳ ಜೊತೆ ಕೂತು ಮಾತಾಡುವುದು ಹಾಸನದಲ್ಲಿ ನನ್ನ ಕೆಲಸ. ಬೇಲೂರು, ಅರಕಲಗೂಡು, ಸಕಲೇಶಪುರ, ಅರಸೀಕೆರೆ, ಎಲ್ಲಿಂದ ಬಂದವರೇ ಆಗಲಿ, ಜಾಸ್ತಿ ಕೇಳುವುದು ಇದೇ ಪ್ರಶ್ನೆ. ಕೈಯಲ್ಲಿ ಎಎಂಎಚ್ ಅನ್ನುವ ಹಾರ್ಮೋನಿನ ರಕ್ತಪರೀಕ್ಷೆಯ ಲ್ಯಾಬ್ ರಿಪೋರ್ಟ್ ಇರುತ್ತದೆ. ಅದರಲ್ಲಿ ದಪ್ಪ ಅಕ್ಷರದಲ್ಲಿ ಒಂದು ನಂಬರ್, ಪಕ್ಕದಲ್ಲಿ 'ಕಡಿಮೆ' ಅಂತ ಗುರುತು. ಅದನ್ನು ನೋಡಿಕೊಂಡು ಬಸ್ಸಿನ ದಾರಿಯುದ್ದಕ್ಕೂ ಅತ್ತು ಬಂದಿರುತ್ತಾರೆ.

ಆ ನಂಬರ್ ನಿಮಗೆ ಮಗು ಆಗುತ್ತದೋ ಇಲ್ಲವೋ ಅಂತ ಹೇಳುವುದಿಲ್ಲ. ಇಂಜೆಕ್ಷನ್ ಕೊಟ್ಟರೆ ಅಂಡಾಶಯದಿಂದ ಎಷ್ಟು ಮೊಟ್ಟೆ ಸಿಗಬಹುದು ಅನ್ನುವ ಅಂದಾಜು ಮಾತ್ರ ಕೊಡುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಕೆಲವರು ಆಸೆಯನ್ನೇ ಬಿಡುತ್ತಾರೆ. ಇನ್ನು ಕೆಲವರು ಗಾಬರಿಯಲ್ಲಿ ಬೇಡದ ಚಿಕಿತ್ಸೆಗೆ ಸಾಲ ಮಾಡುತ್ತಾರೆ. ಎರಡೂ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಯಾವ ಪರೀಕ್ಷೆ, ಯಾವ ದಿನ, ರಿಪೋರ್ಟ್ ಹೇಗೆ ಓದಬೇಕು, ಡಾಕ್ಟರನ್ನು ಏನು ಕೇಳಬೇಕು ಅಂತ ಒಂದೊಂದಾಗಿ ನೋಡೋಣ. ಔಷಧಿ, ಡೋಸ್ ತೀರ್ಮಾನ ಮಾತ್ರ ನಿಮ್ಮ ಡಾಕ್ಟರದ್ದೇ.

ಮೊದಲು ವಿಷಯ ತಿಳಿಯೋಣ

ಗಂಡಸರಲ್ಲಿ ವೀರ್ಯಾಣು ದಿನಾ ಹೊಸದಾಗಿ ತಯಾರಾಗುತ್ತವೆ. ಹೆಂಗಸರಲ್ಲಿ ಹಾಗಿಲ್ಲ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಮೊಟ್ಟೆಗಳಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ ಉಳಿದಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರ್ನಾಲ್ಕು ಲಕ್ಷ. 37-38 ವಯಸ್ಸಿಗೆ ಸುಮಾರು 25 ಸಾವಿರ. ಮುಟ್ಟು ನಿಲ್ಲುವಾಗ ಸಾವಿರದ ಆಸುಪಾಸು.

ಇಡೀ ಜೀವನದಲ್ಲಿ ಬಲಿತು ಹೊರಬರುವುದು 400-500 ಮೊಟ್ಟೆ ಅಷ್ಟೆ. ಉಳಿದವೆಲ್ಲ ತಮ್ಮಷ್ಟಕ್ಕೆ ಕರಗಿ ಹೋಗುತ್ತವೆ. ಬಸುರಿಯಾಗಿದ್ದರೂ ಕರಗುತ್ತವೆ, ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೂ ಕರಗುತ್ತವೆ. ಯಾರೂ ಏನೋ ತಪ್ಪು ಮಾಡಿದ್ದರಿಂದ ಹೀಗಾಗುವುದಲ್ಲ.

ಅಂಡಾಶಯದಲ್ಲಿ ಈಗ ಉಳಿದಿರುವ ಮೊಟ್ಟೆಗಳ ಪ್ರಮಾಣವೇ ದಾಸ್ತಾನು. ಅದನ್ನು ನೇರವಾಗಿ ಎಣಿಸಲು ಯಾವ ಯಂತ್ರಕ್ಕೂ ಆಗುವುದಿಲ್ಲ. ರಕ್ತದ ಹಾರ್ಮೋನು ನೋಡಿ, ಸ್ಕ್ಯಾನ್‌ನಲ್ಲಿ ಕಾಣುವ, ಮೊಟ್ಟೆ ಬೆಳೆಯುವ ಸಣ್ಣ ನೀರುಗುಳ್ಳೆಗಳಾದ ಫಾಲಿಕಲ್‌ಗಳನ್ನು ಎಣಿಸಿ ಅಂದಾಜು ಮಾಡುತ್ತಾರೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಮೊಟ್ಟೆ ಎಷ್ಟಿವೆ ಅನ್ನುವುದು ಬೇರೆ, ಹೇಗಿವೆ ಅನ್ನುವುದು ಬೇರೆ. ಆಲೂಗಡ್ಡೆ ಹಾಕುವ ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಮೂಟೆ ಬಿತ್ತನೆ ತಂದಿರಿ ಅನ್ನುವುದಕ್ಕೂ ಅದರಲ್ಲಿ ಎಷ್ಟು ಮೊಳಕೆ ಬರುತ್ತದೆ ಅನ್ನುವುದಕ್ಕೂ ಸಂಬಂಧ ಕಡಿಮೆ. ಮೊಟ್ಟೆಯ ಗುಣ ಹೇಳುವ ರಕ್ತಪರೀಕ್ಷೆ ಇಲ್ಲ. ಅದಕ್ಕೆ ಹತ್ತಿರದ ಸೂಚನೆ ಅಂದರೆ ನಿಮ್ಮ ವಯಸ್ಸು.

ಹಂತ 1: ಈಗಲೇ ಪರೀಕ್ಷೆ ಬೇಕಾ?

ವಯಸ್ಸು 35ರ ಒಳಗಿದ್ದು, ತಡೆ ಏನೂ ಇಲ್ಲದೆ ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಂತಿಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಿ. 35 ದಾಟಿದ್ದರೆ ಆರು ತಿಂಗಳು ಸಾಕು. 40 ದಾಟಿದ್ದರೆ ಕಾಯುವ ಮಾತೇ ಬೇಡ.

ಕೆಲವರು ವಯಸ್ಸು ಎಷ್ಟೇ ಇರಲಿ, ಬೇಗ ಹೋಗಬೇಕು. ಅಂಡಾಶಯದ ಆಪರೇಷನ್ ಆದವರು, ಚಾಕೊಲೇಟ್ ಸಿಸ್ಟ್ (ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗುಳ್ಳೆ) ಅಂತ ಹೇಳಿಸಿಕೊಂಡವರು, ಕ್ಯಾನ್ಸರಿಗೆ ಕೀಮೋ ಅಥವಾ ಹೊಟ್ಟೆಯ ಭಾಗಕ್ಕೆ ರೇಡಿಯೇಷನ್ ತಗೊಂಡವರು, ಮೊದಲು 28-30 ದಿನಕ್ಕೆ ಬರುತ್ತಿದ್ದ ಮುಟ್ಟು ಈಗ 23-24 ದಿನಕ್ಕೇ ಬರುತ್ತಿರುವವರು, ತಾಯಿಗೋ ಅಕ್ಕನಿಗೋ 40-45ರ ಒಳಗೇ ಮುಟ್ಟು ನಿಂತಿರುವವರು. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47ರ ಆಸುಪಾಸು. ಪಾಶ್ಚಾತ್ಯ ದೇಶಗಳಲ್ಲಿ ಅದು 51ರ ಹತ್ತಿರ. ಅಲ್ಲಿಯವರಿಗಾಗಿ ಬರೆದ ಲೇಖನ ಓದಿ "ಇನ್ನೂ ಟೈಮ್ ಇದೆ" ಅಂತ ಸುಮ್ಮನಿರಬೇಡಿ.

ಸಿಸ್ಟ್ ತೆಗೆಸಬೇಕು ಅಂತ ಡಾಕ್ಟರ್ ಹೇಳಿದ್ದರೆ ಆಪರೇಷನ್‌ಗೆ ಮೊದಲೇ ಎಎಂಎಚ್ ಮಾಡಿಸಲು ಕೇಳಿ. ಸಿಸ್ಟ್ ಜೊತೆ ಒಳ್ಳೆಯ ಅಂಡಾಶಯದ ಭಾಗವೂ ಸ್ವಲ್ಪ ಹೋಗುವುದುಂಟು. ಎರಡೂ ಕಡೆ ಚಾಕೊಲೇಟ್ ಸಿಸ್ಟ್ ಇದ್ದರಂತೂ ಈ ಪ್ರಶ್ನೆ ಕೇಳದೆ ಆಪರೇಷನ್‌ಗೆ ಒಪ್ಪಬೇಡಿ.

ಇಷ್ಟು ದಿನ ಪ್ರಯತ್ನವನ್ನೇ ಮಾಡಿಲ್ಲ, ಮದುವೆಯಾಗಿ ಮೂರು ತಿಂಗಳಾಯಿತು, ವಯಸ್ಸು 26, ಮುಟ್ಟು ಸರಿಯಾಗಿ ಬರುತ್ತಿದೆ ಅನ್ನುವವರಿಗೆ ಈ ಪರೀಕ್ಷೆ ಬೇಡ. ನೆಂಟರು "ಏನೂ ವಿಶೇಷ ಇಲ್ವಾ?" ಅಂತ ಕೇಳಿದರು ಅನ್ನುವುದು ಎಎಂಎಚ್ ಮಾಡಿಸಲು ಕಾರಣವಲ್ಲ. 2017ರಲ್ಲಿ ಅಮೆರಿಕದಲ್ಲಿ 30ರಿಂದ 44 ವಯಸ್ಸಿನ, ಮೊದಲು ಬಂಜೆತನದ ತೊಂದರೆ ಇಲ್ಲದ 750 ಹೆಂಗಸರ ಅಧ್ಯಯನ ಪ್ರಕಟವಾಯಿತು. ಎಎಂಎಚ್ ಕಡಿಮೆ ಇದ್ದವರಿಗೂ ಸರಿಯಾಗಿದ್ದವರಿಗೂ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾರಣ ಸರಳ. ಸಹಜ ಗರ್ಭಕ್ಕೆ ತಿಂಗಳಿಗೆ ಒಂದೇ ಒಳ್ಳೆಯ ಮೊಟ್ಟೆ ಸಾಕು.

ಹಂತ 2: ಆಸ್ಪತ್ರೆಗೆ ಹೋಗುವ ಮುಂಚೆ ಮನೆಯಲ್ಲಿ ಮಾಡುವ ಕೆಲಸ

ಈ ಹಂತಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಆದರೆ ಅರ್ಧ ಉತ್ತರ ಇಲ್ಲೇ ಇರುತ್ತದೆ.

ಮುಟ್ಟಿನ ತಾರೀಖು ಬರೆದಿಡಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ಪೆನ್ನಿಂದ ಒಂದು ಸುತ್ತು ಹಾಕಿದರೂ ಸಾಕು. ಸರಿಯಾಗಿ ಕೆಂಪು ಸ್ರಾವ ಶುರುವಾದ ದಿನ ಒಂದನೇ ದಿನ. ಒಂದೆರಡು ಹನಿ ಕಂದು ಕಲೆ ಕಂಡದ್ದು ಲೆಕ್ಕಕ್ಕಿಲ್ಲ. ರಾತ್ರಿ ತಡವಾಗಿ ಶುರುವಾದರೆ ಮಾರನೇ ದಿನವನ್ನು ಒಂದನೇ ದಿನ ಅನ್ನುವುದು ಹೆಚ್ಚಿನ ಕಡೆ ರೂಢಿ. ನಿಮ್ಮ ಕ್ಲಿನಿಕ್‌ನಲ್ಲಿ ಹೇಗೆ ಅಂತ ಒಂದು ಸಲ ಕೇಳಿಕೊಳ್ಳಿ. ಕೊನೆಯ ನಾಲ್ಕಾರು ತಿಂಗಳ ತಾರೀಖು ಇದ್ದರೆ ಡಾಕ್ಟರಿಗೆ ದೊಡ್ಡ ಉಪಕಾರ.

ಮುಟ್ಟು ಮುಂದೆ ಹಾಕುವ ಮಾತ್ರೆಯ ವಿಷಯ ಮುಚ್ಚಿಡಬೇಡಿ. ಮನೆಯಲ್ಲಿ ಮದುವೆ, ಗೃಹಪ್ರವೇಶ, ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನ, ಹೀಗೆ ಏನೋ ಒಂದಕ್ಕೆ ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನುಂಗಿರುತ್ತಾರೆ. ಇದನ್ನು ಹೇಳುವುದಕ್ಕೆ ನಾಚಿಕೆ. ಆ ಮಾತ್ರೆ ನಿಲ್ಲಿಸಿದ ಮೇಲೆ ಬರುವ ಸ್ರಾವ ಸಹಜ ಮುಟ್ಟಲ್ಲ. ಅದರ ಎರಡನೇ ದಿನ ಮಾಡಿಸಿದ ಹಾರ್ಮೋನು ಪರೀಕ್ಷೆಯಿಂದ ಸರಿಯಾದ ಚಿತ್ರ ಸಿಗುವುದಿಲ್ಲ. ಆ ತಿಂಗಳು ಬಿಟ್ಟು ಮುಂದಿನ ಸಹಜ ಮುಟ್ಟಿನಲ್ಲಿ ಮಾಡಿಸುವುದು ಒಳ್ಳೆಯದು.

ಗರ್ಭನಿರೋಧಕ ಮಾತ್ರೆ ತಿಂಗಳುಗಟ್ಟಲೆ ತಗೊಂಡಿದ್ದರೆ ಎಎಂಎಚ್ ಮತ್ತು ಸ್ಕ್ಯಾನ್ ಲೆಕ್ಕ ಎರಡೂ ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ. ನಿಲ್ಲಿಸಿ ಎರಡು ಮೂರು ತಿಂಗಳಾದ ಮೇಲಿನ ನಂಬರ್ ಹೆಚ್ಚು ನಂಬಬಹುದು. ಕೂದಲು ಉದುರುವುದಕ್ಕೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಕೆಲವು ಲ್ಯಾಬ್ ಯಂತ್ರಗಳಲ್ಲಿ ಅದು ಹಾರ್ಮೋನು ಲೆಕ್ಕವನ್ನೇ ಏರುಪೇರು ಮಾಡುತ್ತದೆ. ಎಷ್ಟು ದಿನ ಮೊದಲು ನಿಲ್ಲಿಸಬೇಕು ಅನ್ನುವುದು ನೀವು ತಗೊಳ್ಳುವ ಪ್ರಮಾಣದ ಮೇಲಿದೆ. ಡಾಕ್ಟರನ್ನೇ ಕೇಳಿ.

ಅಮ್ಮನನ್ನು ಕೂರಿಸಿಕೊಂಡು ಕೇಳಿ: "ಅಮ್ಮಾ, ನಿಂಗೆ ಮುಟ್ಟು ನಿಂತಿದ್ದು ಯಾವಾಗ?" ವಯಸ್ಸು ನೆನಪಿರುವುದಿಲ್ಲ. "ನಿನ್ನ ತಮ್ಮ ಎಸ್‌ಎಸ್‌ಎಲ್‌ಸಿ ಬರೆದ ವರ್ಷ" ಅನ್ನುತ್ತಾರೆ. ಅಲ್ಲಿಂದ ಲೆಕ್ಕ ಹಾಕಿಕೊಳ್ಳಿ. ಎಷ್ಟೋ ಅಮ್ಮಂದಿರು "ನಂಗೆ ಗರ್ಭಕೋಶ ತೆಗೆಸಿದ್ದಾರಲ್ಲ" ಅಂದುಬಿಡುತ್ತಾರೆ. ಹಾಗಿದ್ದರೆ ತೆಗೆಸಿದ್ದು ಯಾಕೆ ಅಂತ ಕೇಳಿ. ಗಡ್ಡೆಗಾ, ಜಾಸ್ತಿ ರಕ್ತಸ್ರಾವಕ್ಕಾ, ಅಂಡಾಶಯವನ್ನೂ ತೆಗೆದರಾ? ದೊಡ್ಡಮ್ಮ, ಚಿಕ್ಕಮ್ಮ, ಅಕ್ಕನ ವಿಷಯವೂ ವಿಚಾರಿಸಿ. ತಾಯಿಗೆ ಬೇಗ ನಿಂತಿದ್ದರೆ ಮಗಳಿಗೂ ಬೇಗ ನಿಲ್ಲುವ ಸಾಧ್ಯತೆ ಜಾಸ್ತಿ.

ಸಿಗರೇಟು ಹೊಗೆ ಅಂಡಾಶಯಕ್ಕೆ ನಿಜವಾದ ಶತ್ರು. ಸೇದುವ ಹೆಂಗಸರಿಗೆ ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ. ಸೇದುವುದಿಲ್ಲ ಅನ್ನುವವರು ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುತ್ತೀರಾ, ಮನೆಯೊಳಗೆ ಯಾರಾದರೂ ಬೀಡಿ ಸೇದುತ್ತಾರಾ ಅಂತ ಯೋಚಿಸಿ. ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.

ಹಂತ 3: ರಕ್ತಪರೀಕ್ಷೆ

ಎಎಂಎಚ್ ಅನ್ನುವುದು ಅಂಡಾಶಯದ ಸಣ್ಣ ಫಾಲಿಕಲ್‌ಗಳ ಜೀವಕೋಶಗಳು ಬಿಡುವ ಹಾರ್ಮೋನು. ಅಂಥ ಫಾಲಿಕಲ್ ಜಾಸ್ತಿ ಇದ್ದರೆ ಅದೂ ಜಾಸ್ತಿ, ಕಡಿಮೆ ಇದ್ದರೆ ಕಡಿಮೆ. ಇದನ್ನು ತಿಂಗಳ ಯಾವ ದಿನ ಬೇಕಾದರೂ ಮಾಡಿಸಬಹುದು. ಖಾಲಿ ಹೊಟ್ಟೆ ಬೇಕಿಲ್ಲ.

ಎಷ್ಟೋ ಸಣ್ಣ ಲ್ಯಾಬ್‌ಗಳು ರಕ್ತ ತೆಗೆದು ಸ್ಯಾಂಪಲನ್ನು ಬೆಂಗಳೂರಿಗೆ ಕಳಿಸುತ್ತವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಎರಡು ಪ್ರಶ್ನೆ ಕೇಳಿ. ಸೀರಂ ಬೇರ್ಪಡಿಸಿ ತಂಪಾಗಿಟ್ಟು ಕಳಿಸುತ್ತೀರಾ? ಸ್ಯಾಂಪಲ್ ಹೋಗುವುದು ಎಷ್ಟು ಗಂಟೆಗೆ? ಸಂಜೆ ಗಾಡಿ ಹೋದ ಮೇಲೆ ಕೊಟ್ಟ ರಕ್ತ ಸುಮ್ನೆ ಹೊರಗೆ ಕೂತರೆ ಲೆಕ್ಕ ಬದಲಾಗಬಹುದು. ಬೆಳಿಗ್ಗೆಯೇ ಹೋಗಿ. ದುಡ್ಡು ಎಷ್ಟು ಅಂತ ಮೊದಲೇ ಕೇಳಿ. ಒಂದೇ ಪರೀಕ್ಷೆಗೆ ಲ್ಯಾಬಿಂದ ಲ್ಯಾಬಿಗೆ ನೂರಾರು ರೂಪಾಯಿ ಫರಕು ಇರುತ್ತದೆ.

ಎಫ್‌ಎಸ್‌ಎಚ್ ಮತ್ತು ಎಸ್ಟ್ರಾಡಯಾಲ್ (ಬೆಳೆಯುವ ಫಾಲಿಕಲ್ ಬಿಡುವ ಹೆಣ್ಣು ಹಾರ್ಮೋನು) ಹಾಗಲ್ಲ. ಇವಕ್ಕೆ ದಿನ ಮುಖ್ಯ. ಮುಟ್ಟಿನ ಎರಡನೇ ಅಥವಾ ಮೂರನೇ ದಿನ ರಕ್ತ ಕೊಡಬೇಕು. ಎಫ್‌ಎಸ್‌ಎಚ್ ಅನ್ನುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಕಳಿಸುವ ಹಾರ್ಮೋನು. ಅಂಡಾಶಯ ಸೋತಿದ್ದರೆ ಪಿಟ್ಯುಟರಿ ಇನ್ನೂ ಜೋರು ಮಾಡುತ್ತದೆ, ಎಫ್‌ಎಸ್‌ಎಚ್ ಏರುತ್ತದೆ. 10 ದಾಟಿದರೆ ದಾಸ್ತಾನು ಇಳಿಯುತ್ತಿದೆ ಅನ್ನುವ ಅನುಮಾನ.

ಬರೀ ಎಫ್‌ಎಸ್‌ಎಚ್ ಮಾಡಿಸಿ ಎಸ್ಟ್ರಾಡಯಾಲ್ ಬಿಡುವುದು ಅರ್ಧ ಕೆಲಸ. ಒಂದು ಉದಾಹರಣೆ ನೋಡಿ. ಎರಡನೇ ದಿನದ ರಿಪೋರ್ಟಿನಲ್ಲಿ ಎಫ್‌ಎಸ್‌ಎಚ್ 7 ಇದೆ. ನೋಡಿದರೆ ಚೆನ್ನಾಗಿದೆ ಅನ್ನಿಸುತ್ತದೆ. ಪಕ್ಕದಲ್ಲೇ ಎಸ್ಟ್ರಾಡಯಾಲ್ 95 ಪೈಕೋಗ್ರಾಂ ಇದೆ. ಆ ದಿನ ಅದು 60-80ರ ಒಳಗೆ ಇರಬೇಕಿತ್ತು. ಎಸ್ಟ್ರಾಡಯಾಲ್ ಹಾಗೆ ಏರಿದಾಗ ಅದು ಎಫ್‌ಎಸ್‌ಎಚ್ ಅನ್ನು ಒತ್ತಿ ಕೆಳಗಿಡುತ್ತದೆ. ಅಂದರೆ ಆ 7ನ್ನು ನಂಬುವಂತಿಲ್ಲ. ಹಿಂದೆಯೇ ಒಂದು ಫಾಲಿಕಲ್ ಬೇಗ ಬೆಳೆಯಲು ಶುರುಮಾಡಿರಬಹುದು, ಇಲ್ಲವೇ ಹಿಂದಿನ ತಿಂಗಳ ಸಿಸ್ಟ್ ಉಳಿದಿರಬಹುದು. ಎರಡೂ ಲೆಕ್ಕ ಜೊತೆಯಲ್ಲಿದ್ದರೆ ಮಾತ್ರ ಇದು ಗೊತ್ತಾಗುವುದು.

ಎಫ್‌ಎಸ್‌ಎಚ್ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಒಂದು ತಿಂಗಳು 13, ಮುಂದಿನ ತಿಂಗಳು 8 ಬಂದರೆ "ವಾಸಿಯಾಯ್ತು" ಅಂತ ಅಂದುಕೊಳ್ಳಬೇಡಿ. ಒಮ್ಮೆ ಏರಿದ್ದೇ ಸೂಚನೆ.

ಅದೇ ಸೂಜಿಯಲ್ಲಿ ಟಿಎಸ್‌ಎಚ್ ಮತ್ತು ಪ್ರೊಲ್ಯಾಕ್ಟಿನ್‌ಗೂ ರಕ್ತ ತೆಗೆಸಿ. ದಾಸ್ತಾನಿಗೆ ಇವು ಸಂಬಂಧಪಟ್ಟವಲ್ಲ, ಆದರೆ ಮುಟ್ಟು ಏರುಪೇರಾಗಲು ಥೈರಾಯ್ಡ್ ಕಾರಣವಾಗಿದ್ದರೆ ಇಲ್ಲೇ ಸಿಕ್ಕಿಬಿಡುತ್ತದೆ.

ಎರಡನೇ ದಿನ ಭಾನುವಾರ ಬಿದ್ದರೆ ಏನು ಮಾಡುವುದು? ಮೂರನೇ ದಿನ ಹೋಗಿ. ಸಕಲೇಶಪುರದ ಒಳಗಿನ ಎಸ್ಟೇಟಿನಿಂದ ಬರುವವರು ಮಳೆಗಾಲದಲ್ಲಿ ದಾರಿ ನೋಡಿಕೊಂಡೇ ಹೊರಡಬೇಕು. ನಾಲ್ಕನೇ ದಿನವಾದರೂ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿ, ಹೆಚ್ಚಿನವರು ಒಪ್ಪುತ್ತಾರೆ. ಹತ್ತನೇ ದಿನ ಮಾಡಿಸಿದ ಎಫ್‌ಎಸ್‌ಎಚ್‌ಗೆ ಮಾತ್ರ ದುಡ್ಡು ದಂಡ.

ಹಂತ 4: ಫಾಲಿಕಲ್ ಎಣಿಸುವ ಸ್ಕ್ಯಾನ್

ನನ್ನ ಪ್ರಕಾರ ಹೆಂಗಸರು ಅತಿ ಹೆಚ್ಚು ಹೆದರುವುದೂ, ಯಾರೂ ಬಿಡಿಸಿ ಹೇಳದೇ ಇರುವುದೂ ಇದೇ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಎಫ್‌ಸಿ ಅಂದರೆ ಎರಡೂ ಅಂಡಾಶಯಗಳಲ್ಲಿ ಕಾಣುವ 2ರಿಂದ 10 ಮಿಲಿಮೀಟರ್ ಗಾತ್ರದ ಫಾಲಿಕಲ್‌ಗಳ ಒಟ್ಟು ಲೆಕ್ಕ. ಮುಟ್ಟಿನ ಎರಡರಿಂದ ಐದನೇ ದಿನದೊಳಗೆ ಮಾಡಿಸಬೇಕು. ಆಗ ಸ್ರಾವ ಇರುತ್ತದೆ. "ಹೊರಗಾಗಿರುವಾಗ ಹೇಗೆ ಮೇಡಂ?" ಅಂತ ಹಿಂಜರಿಯುತ್ತಾರೆ. ಸ್ಕ್ಯಾನ್ ಮಾಡುವವರಿಗೆ ಅದು ದಿನನಿತ್ಯದ ಕೆಲಸ. ಆ ದಿನಗಳಲ್ಲೇ ಮಾಡುವುದು ಯಾಕೆ ಅಂದರೆ ಯಾವ ಫಾಲಿಕಲ್ಲೂ ದೊಡ್ಡದಾಗಿ ಬೆಳೆದಿರುವುದಿಲ್ಲ, ಸಣ್ಣವನ್ನು ಎಣಿಸಲು ಸುಲಭ.

ಇದು ಹೊಟ್ಟೆಯ ಮೇಲಿನ ಸ್ಕ್ಯಾನ್ ಅಲ್ಲ, ಯೋನಿಯ ಮೂಲಕ ಮಾಡುವುದು. ಮೂತ್ರಚೀಲ ಖಾಲಿ ಇರಬೇಕು. ಹೊಟ್ಟೆ ಸ್ಕ್ಯಾನ್‌ಗೆ ಹೇಳುವ ಹಾಗೆ ಬಾಟಲಿಗಟ್ಟಲೆ ನೀರು ಕುಡಿದು ಬರಬೇಡಿ. ಒಳಗೆ ಹೋದ ಮೇಲೆ ಸೊಂಟದ ಕೆಳಗಿನ ಬಟ್ಟೆ ತೆಗೆದು, ಹೊದಿಕೆ ಹೊದ್ದು, ಮಂಡಿ ಮಡಚಿ ಮಲಗಬೇಕು. ಅಗಲವಾದ ಲಂಗವೋ ನೈಟಿಯೋ ಇದ್ದರೆ ಅನುಕೂಲ. ಬೆರಳಿಗಿಂತ ಸ್ವಲ್ಪ ದಪ್ಪನೆಯ ಪ್ರೋಬ್‌ಗೆ ಹೊಸ ಕಾಂಡೋಮ್ ಕವರ್ ಹಾಕಿ, ಜೆಲ್ ಹಚ್ಚಿ, ನಿಧಾನವಾಗಿ ಒಳಗೆ ಇಡುತ್ತಾರೆ. ಕವರ್ ಹೊಸದಾಗಿ ಹಾಕುವುದನ್ನು ನೋಡುವ ಹಕ್ಕು ನಿಮಗಿದೆ. ಲೇಟೆಕ್ಸ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಮೈ ಬಿಗಿಹಿಡಿದರೆ ನೋವು ಜಾಸ್ತಿ. ಉದ್ದಕ್ಕೆ ಉಸಿರು ಬಿಡುತ್ತಾ ಹೋದರೆ ಒತ್ತಿದ ಹಾಗೆ ಅನ್ನಿಸುತ್ತದೆ ಅಷ್ಟೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಸ್ಕ್ಯಾನ್ ಮಾಡುವವರು ಗಂಡಸಾದರೆ ಒಳಗೆ ಒಬ್ಬ ಹೆಂಗಸು ಸಿಬ್ಬಂದಿ ಇರಲಿ ಅಂತ ಕೇಳಿ. ಅದನ್ನು ಕೇಳುವುದು ಅತಿಯಲ್ಲ.

ಪರದೆಯಲ್ಲಿ ಅಂಡಾಶಯ ಬೂದು ಬಣ್ಣದ ಉದ್ದುರುಟಾಗಿ ಕಾಣುತ್ತದೆ. ಅದರೊಳಗೆ ಕಪ್ಪು ಚುಕ್ಕಿಗಳ ಹಾಗೆ ಕಾಣುವುದೇ ಫಾಲಿಕಲ್‌ಗಳು. ಡಾಕ್ಟರ್ ಪ್ರೋಬ್ ಅನ್ನು ಅಂಡಾಶಯದ ಒಂದು ಅಂಚಿಂದ ಇನ್ನೊಂದು ಅಂಚಿಗೆ ಸರಿಸುತ್ತಾ ಒಂದೊಂದನ್ನೇ ಎಣಿಸುತ್ತಾರೆ. ಬಲಕ್ಕೆ 4, ಎಡಕ್ಕೆ 5 ಅಂದರೆ ಒಟ್ಟು 9.

ರಿಪೋರ್ಟ್ ಕೈಗೆ ಬಂದಾಗ ಇದನ್ನು ನೋಡಿ: ಎರಡೂ ಕಡೆಯ ಲೆಕ್ಕ ಬೇರೆ ಬೇರೆ ಬರೆದಿದ್ದಾರಾ, ಮುಟ್ಟಿನ ಎಷ್ಟನೇ ದಿನ ಅಂತ ಇದೆಯಾ, ಸಿಸ್ಟ್ ಇದ್ದರೆ ಅದರ ಅಳತೆ ಇದೆಯಾ. ಬರೀ "ಅಂಡಾಶಯ ಸಹಜವಾಗಿದೆ" ಅಂತ ಬರೆದ ರಿಪೋರ್ಟ್ ಈ ಕೆಲಸಕ್ಕೆ ಬರುವುದಿಲ್ಲ. ಹೋಗುವಾಗಲೇ "ಎಎಫ್‌ಸಿ ಎಣಿಸಿ ಬರೆದುಕೊಡಿ" ಅಂತ ಕೇಳಿ.

ಎಣಿಸುವವರ ಕೈ ಬದಲಾದರೆ ಲೆಕ್ಕವೂ ಒಂದೆರಡು ಅತ್ತಿತ್ತ ಆಗುತ್ತದೆ. ಯಂತ್ರ ಹಳೆಯದಾದರೂ ಹಾಗೆಯೇ. ದೊಡ್ಡ ಸಿಸ್ಟ್ ಅಡ್ಡ ಇದ್ದರೆ ಹಿಂದಿನವು ಕಾಣುವುದಿಲ್ಲ. ಹಾಗಾದಾಗ ಮುಂದಿನ ಮುಟ್ಟಿನಲ್ಲಿ ಇನ್ನೊಮ್ಮೆ ಮಾಡಿಸುವುದೇ ಸರಿ.

ಹಂತ 5: ಎಲ್ಲವನ್ನೂ ಒಟ್ಟಿಗೆ ಇಟ್ಟು ಓದುವುದು

ಮೊದಲು ಎಎಂಎಚ್ ಯಾವ ಅಳತೆಯಲ್ಲಿದೆ ಅಂತ ನೋಡಿ. ನಮ್ಮಲ್ಲಿ ಹೆಚ್ಚಾಗಿ ನ್ಯಾನೋಗ್ರಾಂ ಲೆಕ್ಕ. ಕೆಲವು ರಿಪೋರ್ಟ್ ಪೈಕೋಮೋಲ್‌ನಲ್ಲಿ ಬರುತ್ತವೆ. 1 ನ್ಯಾನೋಗ್ರಾಂ ಅಂದರೆ 7.14 ಪೈಕೋಮೋಲ್. ಪೈಕೋಮೋಲ್‌ನಲ್ಲಿ 8.5 ಅಂತ ಬಂದದ್ದನ್ನು ನೋಡಿ "ತುಂಬಾ ಚೆನ್ನಾಗಿದೆ" ಅಂತ ಖುಷಿಪಟ್ಟರೆ ಆಗಲಿಲ್ಲ. ಅದು 1.2 ನ್ಯಾನೋಗ್ರಾಂ ಅಷ್ಟೆ.

ಇನ್ನು ಅಂದಾಜು. ಎಎಂಎಚ್ 1.2 ನ್ಯಾನೋಗ್ರಾಂಗಿಂತ ಕಡಿಮೆ, ಎಎಫ್‌ಸಿ 5ಕ್ಕಿಂತ ಕಡಿಮೆ ಇದ್ದರೆ ದಾಸ್ತಾನು ಕಡಿಮೆ ಅನ್ನುತ್ತಾರೆ. ಇಂಜೆಕ್ಷನ್ನಿಗೆ ಕಡಿಮೆ ಮೊಟ್ಟೆ ಸಿಗುವವರನ್ನು ಗುರುತಿಸಲು 2016ರಲ್ಲಿ ಬಂದ ಪೊಸೈಡನ್ ವರ್ಗೀಕರಣದ ಗೆರೆ ಇದು. ಎಎಂಎಚ್ 0.5ರ ಕೆಳಗಿದ್ದರೆ ತುಂಬಾ ಕಡಿಮೆ. ಸುಮಾರು 1.2ರಿಂದ 3.5ರವರೆಗೆ ಸಾಧಾರಣ. ಅದಕ್ಕಿಂತ ಮೇಲೆ ಹೋಗಿ, ಎಎಫ್‌ಸಿಯೂ 20 ದಾಟಿದ್ದರೆ ದಾಸ್ತಾನು ಜಾಸ್ತಿ, ಪಿಸಿಒಎಸ್ ಇರಬಹುದಾ ಅಂತ ನೋಡಬೇಕು. ಈ ಗೆರೆಗಳು ಕಲ್ಲಿನ ಮೇಲೆ ಕೊರೆದದ್ದಲ್ಲ. 1.1ಕ್ಕೂ 1.3ಕ್ಕೂ ನಡುವೆ ಲ್ಯಾಬ್ ಬದಲಾದದ್ದೇ ಕಾರಣವಾಗಿರಬಹುದು.

ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಕೇಳುತ್ತಾರೆ. ಹಾಗೇನಿಲ್ಲ. ಪಿಸಿಒಎಸ್‌ನಲ್ಲಿ ಫಾಲಿಕಲ್ ತುಂಬಾ ಇರುತ್ತವೆ, ಆದರೆ ಸರಿಯಾಗಿ ಬಲಿತು ಮೊಟ್ಟೆ ಹೊರಬರುವುದಿಲ್ಲ. ಅಂಥವರಿಗೆ ಬೇಕಾದದ್ದೇ ಬೇರೆ ಚಿಕಿತ್ಸೆ.

ಈಗ ವಯಸ್ಸು ಸೇರಿಸಿ. 29 ವಯಸ್ಸಿನ ಒಬ್ಬರ ಎಎಂಎಚ್ 0.8. 41 ವಯಸ್ಸಿನ ಇನ್ನೊಬ್ಬರದು 2.5. ನಂಬರ್ ಮಾತ್ರ ನೋಡಿದರೆ ಎರಡನೆಯವರೇ ಮುಂದೆ. ಐವಿಎಫ್ (ಮೊಟ್ಟೆ ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಮಾಡಿದರೆ ಅವರಿಗೆ ಮೊಟ್ಟೆ ಜಾಸ್ತಿ ಸಿಗಲೂಬಹುದು. ಆದರೆ 40 ದಾಟಿದ ಮೇಲೆ ಭ್ರೂಣಗಳಲ್ಲಿ ಅರ್ಧಕ್ಕಿಂತ ಜಾಸ್ತಿಯವು ಕ್ರೋಮೋಸೋಮ್ ಲೆಕ್ಕ ತಪ್ಪಿದವಾಗಿರುತ್ತವೆ. ಅವು ಅಂಟುವುದಿಲ್ಲ, ಅಂಟಿದರೂ ಗರ್ಭಪಾತವಾಗುವುದು ಜಾಸ್ತಿ. 29ರವರಿಗೆ ನಾಲ್ಕೇ ಮೊಟ್ಟೆ ಸಿಕ್ಕರೂ ಅದರಲ್ಲಿ ಒಳ್ಳೆಯವು ಇರುವ ಅವಕಾಶ ಹೆಚ್ಚು. ಆದ್ದರಿಂದ 29ರ ಹುಡುಗಿಗೆ ನಾನು ಹೇಳುವುದು ಇಷ್ಟೆ: ಹೆದರಬೇಡಿ, ಆದರೆ ವರ್ಷಗಟ್ಟಲೆ ಮುಂದೂಡಬೇಡಿ.

ಎಎಂಎಚ್ ಮತ್ತು ಎಎಫ್‌ಸಿ ಒಂದಕ್ಕೊಂದು ತಾಳೆಯಾಗದಿದ್ದರೆ? ಎಎಂಎಚ್ 0.6, ಎಎಫ್‌ಸಿ 14 ಬಂದರೆ ಎಲ್ಲೋ ಒಂದು ಕಡೆ ತಪ್ಪಿರಬಹುದು. ಸ್ಯಾಂಪಲ್ ಕೆಟ್ಟಿರಬಹುದು, ಮಾತ್ರೆಯ ಪ್ರಭಾವ ಇರಬಹುದು, ಎಣಿಕೆ ತಪ್ಪಿರಬಹುದು. ಇಂಥ ಸಮಯದಲ್ಲಿ ಒಂದು ಪರೀಕ್ಷೆ ಮತ್ತೆ ಮಾಡಿಸುವುದಕ್ಕೆ ಅರ್ಥವಿದೆ. ಎರಡೂ ಒಂದೇ ಮಾತು ಹೇಳುತ್ತಿದ್ದರೆ ಮೂರು ಲ್ಯಾಬ್‌ಗೆ ಓಡುವುದು ಬೇಡ.

40ರ ಒಳಗೇ ನಾಲ್ಕು ತಿಂಗಳಿಂದ ಮುಟ್ಟು ಬಂದಿಲ್ಲ, ಎಫ್‌ಎಸ್‌ಎಚ್ 25 ದಾಟಿದೆ ಅಂದರೆ ವಿಷಯವೇ ಬೇರೆ. ಅಂಡಾಶಯ ಅಕಾಲಕ್ಕೆ ನಿಲ್ಲುತ್ತಿರಬಹುದು. ಕ್ರೋಮೋಸೋಮ್ ಪರೀಕ್ಷೆ ಬೇಕಾಗುತ್ತದೆ. ಮಗುವಿನ ಮಾತು ಆಮೇಲೆ, ಮೂಳೆ ಮತ್ತು ಹೃದಯದ ಆರೋಗ್ಯಕ್ಕೂ ಹಾರ್ಮೋನು ಚಿಕಿತ್ಸೆ ಬೇಕಾಗುತ್ತದೆ. ತಡ ಮಾಡದೆ ತಜ್ಞರನ್ನು ನೋಡಿ.

ಹಂತ 6: ರಿಪೋರ್ಟ್ ಹಿಡಿದು ಚಿಕಿತ್ಸೆ ಮಾತಾಡುವುದು

ಡಾಕ್ಟರಿಗೆ ಈ ಲೆಕ್ಕಗಳು ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ದಾಸ್ತಾನು ಕಡಿಮೆ ಇದ್ದರೆ ಇಂಜೆಕ್ಷನ್ ಡೋಸ್ ಏರಿಸುತ್ತಾರೆ. ಆದರೆ ಅದಕ್ಕೂ ಒಂದು ಮಿತಿ ಇದೆ. ಇರುವ ಫಾಲಿಕಲ್‌ಗಳನ್ನು ಬೆಳೆಸಬಹುದೇ ಹೊರತು ಇಲ್ಲದ ಮೊಟ್ಟೆ ಹುಟ್ಟಿಸಲು ಯಾವ ಇಂಜೆಕ್ಷನ್ನಿಗೂ ಆಗುವುದಿಲ್ಲ. ಕೆಲವರಿಗೆ ಎರಡು ಮೂರು ಸಲ ಮೊಟ್ಟೆ ತೆಗೆದು ಭ್ರೂಣಗಳನ್ನು ಕೂಡಿಟ್ಟು ಆಮೇಲೆ ಹಾಕುವ ಸಲಹೆ ಕೊಡುತ್ತಾರೆ. ಖರ್ಚು ಏರುತ್ತದೆ. ಒಂದು ಸಲಕ್ಕೆ ಎಷ್ಟು, ಇಂಜೆಕ್ಷನ್ ಸೇರಿದೆಯಾ, ಫ್ರೀಜ್ ಮಾಡಿ ಇಡುವುದಕ್ಕೆ ವರ್ಷಕ್ಕೆ ಎಷ್ಟು ಅಂತ ಬರೆಸಿಕೊಳ್ಳಿ.

ದಾಸ್ತಾನು ಜಾಸ್ತಿ ಇದ್ದವರಿಗೆ ಅಪಾಯ ಬೇರೆ. ಸ್ವಲ್ಪ ಇಂಜೆಕ್ಷನ್‌ಗೇ ಅಂಡಾಶಯ ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಬಹುದು. ಇದಕ್ಕೆ ಓಎಚ್ಎಸ್ಎಸ್ ಅನ್ನುತ್ತಾರೆ. ಹೊಟ್ಟೆ ಉಬ್ಬರ ಏರುತ್ತಾ ಹೋಗುವುದು, ವಾಂತಿ, ಉಸಿರಾಡಲು ಕಷ್ಟ, ಮೂತ್ರ ಕಡಿಮೆಯಾಗುವುದು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ. ಎಎಂಎಚ್ ಮೊದಲೇ ಗೊತ್ತಿದ್ದರೆ ಡಾಕ್ಟರ್ ಡೋಸ್ ಕಡಿಮೆ ಇಡುತ್ತಾರೆ, ಮೊಟ್ಟೆ ತೆಗೆಯುವ ಮುಂಚೆ ಅದನ್ನು ಬಲಿಸಲು ಕೊಡುವ ಟ್ರಿಗರ್ ಇಂಜೆಕ್ಷನ್ ಬದಲಿಸುತ್ತಾರೆ, ಭ್ರೂಣ ಫ್ರೀಜ್ ಮಾಡಿ ಮುಂದಿನ ತಿಂಗಳು ಹಾಕುತ್ತಾರೆ. ಪರೀಕ್ಷೆಯಿಂದ ಆಗುವ ದೊಡ್ಡ ಲಾಭಗಳಲ್ಲಿ ಇದೊಂದು.

ಎಎಂಎಚ್ ಕಡಿಮೆ ಅಂದ ಮಾತ್ರಕ್ಕೆ ನೇರ ಐವಿಎಫ್ ಅಂತಲ್ಲ. ವಯಸ್ಸು ಚಿಕ್ಕದು, ಟ್ಯೂಬ್ ತೆರೆದಿದೆ, ಯಜಮಾನರ ವೀರ್ಯ ಚೆನ್ನಾಗಿದೆ ಅಂದರೆ ಕೆಲವು ತಿಂಗಳು ಸಹಜ ಪ್ರಯತ್ನವೋ ಐಯುಐಯೋ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವುದು) ಮಾಡಿ ನೋಡಬಹುದಾ ಅಂತ ಕೇಳಿ. ಮೊದಲ ಭೇಟಿಯಲ್ಲೇ "ದಾನಿ ಮೊಟ್ಟೆ ತಗೊಳ್ಳಿ" ಅಂತ ಹೇಳಿದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯದೆ ಸಹಿ ಹಾಕಬೇಡಿ.

ಗಂಡನ ಪರೀಕ್ಷೆ ಬಿಡಬೇಡಿ

ಹೆಂಡತಿಗೆ ಆರು ಪರೀಕ್ಷೆ ಆಗಿರುತ್ತದೆ, ಗಂಡನಿಗೆ ಒಂದೂ ಆಗಿರುವುದಿಲ್ಲ. ಇದು ನನಗೆ ತೀರಾ ಬೇಸರದ ವಿಷಯ. ವೀರ್ಯ ಪರೀಕ್ಷೆ ಇದ್ದುದರಲ್ಲೇ ಅಗ್ಗದ್ದು, ಸೂಜಿ ಇಲ್ಲ, ನೋವಿಲ್ಲ. ಎರಡರಿಂದ ಏಳು ದಿನ ಸಂಪರ್ಕ ಇಲ್ಲದೆ ಇದ್ದು ಸ್ಯಾಂಪಲ್ ಕೊಡಬೇಕು. ಹೆಂಡತಿಯ ಎರಡನೇ ದಿನದ ರಕ್ತಪರೀಕ್ಷೆಗೆ ಇಬ್ಬರೂ ಬರುತ್ತೀರಲ್ಲ, ಅವತ್ತೇ ಮುಗಿಸಿಬಿಡಿ. ಅತ್ತೆ ಮಾವನಿಗೆ ಹೇಳಬೇಕೋ ಬೇಡವೋ ಅನ್ನುವುದು ನಿಮ್ಮಿಬ್ಬರಿಗೆ ಬಿಟ್ಟದ್ದು.

ಇವುಗಳಿಗೆ ದುಡ್ಡು ಹಾಕುವ ಮುಂಚೆ

ಎಎಂಎಚ್ ಏರಿಸುವ ಪುಡಿ, ಕಷಾಯ, ಮಾತ್ರೆ ಅಂತ ಫೋನಿನಲ್ಲಿ ದಿನಾ ಜಾಹೀರಾತು ಬರುತ್ತದೆ. ಕಳೆದುಹೋದ ಮೊಟ್ಟೆ ಮರಳಿ ತರುವ ಔಷಧಿ ಈವರೆಗೂ ಇಲ್ಲ. ಡಿಎಚ್‌ಇಎ ಮತ್ತು ಕೋಕ್ಯೂ10 ಅನ್ನು ಕೆಲವು ಡಾಕ್ಟರ್ ಬರೆಯುತ್ತಾರೆ, ಇವುಗಳಿಂದ ಲಾಭ ಇದೆ ಅನ್ನಲು ಗಟ್ಟಿ ಪುರಾವೆ ಇನ್ನೂ ಇಲ್ಲ. ಡಿಎಚ್‌ಇಎ ಹಾರ್ಮೋನು. ಮೊಡವೆ, ಮುಖದಲ್ಲಿ ಕೂದಲು ಬರಬಹುದು. ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಅಂಡಾಶಯಕ್ಕೆ ಪಿಆರ್‌ಪಿ (ನಿಮ್ಮದೇ ರಕ್ತದಿಂದ ತೆಗೆದ ಪ್ಲೇಟ್ಲೆಟ್ ದ್ರವ) ಚುಚ್ಚುವುದು ಇನ್ನೂ ಪ್ರಯೋಗದ ಹಂತದಲ್ಲಿದೆ. ಹರಕೆ ಹೊತ್ತುಕೊಳ್ಳಿ, ದೇವಸ್ಥಾನಕ್ಕೆ ಹೋಗಿ ಬನ್ನಿ, ಮನಸ್ಸಿಗೆ ಧೈರ್ಯ ಬರುತ್ತದೆ. ಆದರೆ 37-38ರಲ್ಲಿ ಇರುವವರು ನಾಟಿ ಔಷಧಿ ನಂಬಿ ಒಂದು ವರ್ಷ ಕಳೆಯಬೇಡಿ. ಆ ವರ್ಷ ವಾಪಸ್ ಬರುವುದಿಲ್ಲ.

ಎಲ್ಲಿ ಮಾಡಿಸುವುದು, ಏನು ಹಿಡಿದು ಹೋಗುವುದು

ಶುರು ಮಾಡಲು ದೊಡ್ಡ ಐವಿಎಫ್ ಸೆಂಟರ್ ಬೇಕಿಲ್ಲ. ಹಾಸನದ ಹಿಮ್ಸ್ ಬೋಧನಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗವಾಗಲಿ, ನಿಮ್ಮ ತಾಲ್ಲೂಕಿನ ಸ್ತ್ರೀರೋಗ ತಜ್ಞರಾಗಲಿ ಸಾಕು. ಯಾವ ಪರೀಕ್ಷೆ ಅಲ್ಲೇ ಆಗುತ್ತದೆ, ಯಾವುದು ಹೊರಗೆ ಅಂತ ಓಪಿಡಿಯಲ್ಲಿ ಕೇಳಿಕೊಳ್ಳಿ. ಐವಿಎಫ್ ಬೇಕು ಅಂತಾದಾಗ ಹಾಸನವೋ ಮೈಸೂರೋ ಬೆಂಗಳೂರೋ ಯೋಚಿಸಿ. ಮೊಟ್ಟೆ ಬೆಳವಣಿಗೆ ನೋಡಲು ಹತ್ತು ಹನ್ನೆರಡು ದಿನದಲ್ಲಿ ಹಲವು ಸಲ ಸ್ಕ್ಯಾನ್‌ಗೆ ಹೋಗಬೇಕಾಗುತ್ತದೆ. ಕಾಫಿ ಕೊಯ್ಲಿನ ತಿಂಗಳಲ್ಲಿ ಅಷ್ಟು ಓಡಾಟ ಆಗುತ್ತದಾ, ನೆಂಟರ ಮನೆಯಲ್ಲಿ ಉಳಿಯಬಹುದಾ ಅಂತ ಮೊದಲೇ ಲೆಕ್ಕ ಹಾಕಿ.

ಕ್ಲಿನಿಕ್‌ಗೆ 2021ರ ಎಆರ್‌ಟಿ ಕಾಯ್ದೆಯಡಿ (ಐವಿಎಫ್ ಥರದ ಚಿಕಿತ್ಸೆಗಳ ಕಾನೂನು) ನೋಂದಣಿ ಇರಲೇಬೇಕು. ಪ್ರಮಾಣಪತ್ರ ಕೇಳಿ ನೋಡಿ. ಈ ಕಾಯ್ದೆ ಪ್ರಕಾರ ಚಿಕಿತ್ಸೆ ಪಡೆಯುವ ಹೆಂಗಸಿನ ವಯಸ್ಸು 21ರಿಂದ 50, ಗಂಡಸಿನದು 21ರಿಂದ 55ರ ಒಳಗಿರಬೇಕು. ಮೊಟ್ಟೆ ದಾನ ಮಾಡುವವರು 23ರಿಂದ 35ರ ಒಳಗಿನವರು, ಜೀವನದಲ್ಲಿ ಒಂದೇ ಸಲ ಕೊಡಬಹುದು.

ಒಂದು ಫೈಲ್ ಮಾಡಿ. ಮೊದಲ ಹಾಳೆಯಲ್ಲಿ ಇಬ್ಬರ ವಯಸ್ಸು, ಮದುವೆಯಾದ ವರ್ಷ, ಪ್ರಯತ್ನ ಶುರುಮಾಡಿದ್ದು ಯಾವಾಗ, ಹಿಂದಿನ ಗರ್ಭ ಅಥವಾ ಗರ್ಭಪಾತ, ಆಪರೇಷನ್, ಈಗ ತಗೊಳ್ಳುತ್ತಿರುವ ಮಾತ್ರೆ ಬರೆಯಿರಿ. ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ ಇಡಿ. ಇಲ್ಲದಿದ್ದರೆ ಆ ಆಸ್ಪತ್ರೆಗೆ ಹೋಗಿ ನಕಲು ಕೇಳಿ. ಪ್ರತಿ ರಿಪೋರ್ಟಿನ ಮೇಲೆ ಮುಟ್ಟಿನ ಎಷ್ಟನೇ ದಿನ ಮಾಡಿಸಿದ್ದು ಅಂತ ನಿಮ್ಮ ಕೈಯಲ್ಲೇ ಬರೆಯಿರಿ. ಥರ್ಮಲ್ ಪೇಪರಿನ ಸ್ಕ್ಯಾನ್ ಚಿತ್ರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ, ಬಂದ ದಿನವೇ ಫೋನಿನಲ್ಲಿ ಫೋಟೋ ತೆಗೆದಿಡಿ. ಚಿಕಿತ್ಸೆ ಮುಂದೂಡಿದ್ದರೆ ಎಎಂಎಚ್ ಮತ್ತು ಎಎಫ್‌ಸಿ ಎರಡನ್ನೂ ಆರು ತಿಂಗಳಿಂದ ಒಂದು ವರ್ಷದೊಳಗೆ ಮತ್ತೆ ಮಾಡಿಸಿ, ಆದಷ್ಟು ಅದೇ ಲ್ಯಾಬ್‌ನಲ್ಲಿ, ಅದೇ ಸ್ಕ್ಯಾನ್ ಸೆಂಟರ್‌ನಲ್ಲಿ.